ಮಗ್ಗುಲಾದರೆ ತಲೆಸುತ್ತು: ಕಪ್ಪಿಂಗ್ ಮಾಡಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಾವಿರುವುದು ಚೀನಾದ ಗುವಾಂಗ್‌ಝೌನಲ್ಲಿ. ಊರಿಂದ ಅಮ್ಮ ಬಂದಿದ್ದಾರೆ, 64 ವರ್ಷ. ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದರೆ ಸಾಕು, ಮನೆಯೇ ಗಿರ್ರನೆ ತಿರುಗಿದ ಹಾಗಾಗುತ್ತದಂತೆ. ಅರ್ಧ ನಿಮಿಷಕ್ಕೆ ನಿಲ್ಲುತ್ತದೆ. ಪಕ್ಕದ ಮನೆಯವರು ಬಾಗುವಾನ್ ಮಾಡಿಸಿ ಅನ್ನುತ್ತಿದ್ದಾರೆ, ಅದೇ ಮೈಮೇಲೆ ಗಾಜಿನ ಕಪ್ ಅಂಟಿಸುವ ಕಪ್ಪಿಂಗ್. ಅವರಿಗೆ ಅದರಿಂದಲೇ ವಾಸಿಯಾಯಿತಂತೆ. ಅಮ್ಮ ಹಾರ್ಟ್‌ಗೆ ಅಂತ ರಕ್ತ ತೆಳುವಾಗುವ ಮಾತ್ರೆ ತಗೊಳ್ತಾರೆ. ಮಾಡಿಸಬಹುದಾ?

ಉತ್ತರ (ಇಎನ್‌ಟಿ ವೈದ್ಯೆ): ಬೇಡಮ್ಮ. ಮೊದಲು ಇಎನ್‌ಟಿ ಹತ್ತಿರ ಕರ್ಕೊಂಡು ಹೋಗಿ.

ನೀವು ಹೇಳಿದ್ದು ಬಿಪಿಪಿವಿ, ಅಂದರೆ ತಲೆ ಹೊರಳಿಸಿದಾಗ ಒಳಕಿವಿಯಿಂದ ಬರುವ ತಲೆಸುತ್ತಿನ ಥರ ಕಾಣುತ್ತದೆ. ಒಳಕಿವಿಯಲ್ಲಿ ಕ್ಯಾಲ್ಸಿಯಂನ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಅರ್ಧವೃತ್ತದ ಕೊಳವೆಯೊಳಗೆ ಜಾರಿದರೆ, ತಲೆ ಹೊರಳಿಸಿದಾಗೆಲ್ಲ ಹೀಗಾಗುತ್ತದೆ. ಪರೀಕ್ಷೆ ಸುಲಭ. ಕೂತವರ ತಲೆಯನ್ನು ಒಂದು ಕಡೆ ತಿರುಗಿಸಿ ಬೇಗ ಮಲಗಿಸುತ್ತೇವೆ, ಕಣ್ಣು ನೋಡುತ್ತೇವೆ. ಕೆಲವು ಸೆಕೆಂಡಿನಲ್ಲಿ ಕಣ್ಣುಗುಡ್ಡೆ ತಾನಾಗಿ ಪಟಪಟ ಅದುರಲು ಶುರುವಾಗುತ್ತದೆ. ಯಾವ ಕಿವಿ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ವಾಪಸ್ ಕಳಿಸುತ್ತೇವೆ. ಎಷ್ಟೋ ಜನರಿಗೆ ಒಂದೆರಡು ಸಲಕ್ಕೇ ವಾಸಿ.

ಚೀನೀ ವೈದ್ಯದಲ್ಲಿ ತಲೆಸುತ್ತಿಗೆ ಲಿವರ್‌ನ ಗಾಳಿ ಮೇಲೇರುವುದು, ಕಫ ಕಟ್ಟುವುದು ಕಾರಣ ಅನ್ನುತ್ತಾರೆ. ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಮೂಳೆಯ ಕೆಳಗಿನ ದಾಝುಯಿ ಜಾಗಕ್ಕೆ, ಬೆನ್ನಿಗೆ ಕಪ್ ಹಾಕುತ್ತಾರೆ. ಕಪ್‌ನೊಳಗೆ ಬೆಂಕಿ ಆಡಿಸಿ ಚರ್ಮದ ಮೇಲಿಟ್ಟರೆ, ಗಾಳಿ ತಣಿದು ಚರ್ಮವನ್ನು ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಚರ್ಮ, ಸ್ನಾಯುವಿನವರೆಗೆ ಮಾತ್ರ. ತಲೆಬುರುಡೆಯ ಮೂಳೆಯೊಳಗೆ ಕೂತ ಹರಳಿಗೆ ಅದು ಮುಟ್ಟುವುದಿಲ್ಲ.

ಪಕ್ಕದವರು ಸುಳ್ಳು ಹೇಳುತ್ತಿಲ್ಲ. ಈ ತೊಂದರೆ ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನಾಗೇ ಹೋಗುತ್ತದೆ, ಹೆಸರು ಕಪ್‌ಗೆ ಬರುತ್ತದೆ. ಇನ್ನೊಂದು, ತಲೆ ತಿರುಗುವ ಭಯಕ್ಕೆ ಜನ ಕತ್ತು ಬಿಗಿ ಹಿಡಿದೇ ಓಡಾಡುತ್ತಾರೆ. ಕಪ್ ಹಾಕಿದರೆ ಆ ಬಿಗಿತ ಸಡಿಲವಾಗಿ ಹಾಯೆನಿಸಬಹುದು.

ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಎಲ್ಲ ಎರಡೆರಡು ಕಂಡರೆ, ನಿಲ್ಲಲೂ ಆಗದಿದ್ದರೆ ಕಾಯಬೇಡಿ. ಅದು ಸ್ಟ್ರೋಕ್ ಇರಬಹುದು. ಅಲ್ಲಿ ಆಂಬುಲೆನ್ಸ್‌ಗೆ 120.

ಪ್ರಶ್ನೆ: ನಾಳೆಯೇ ತೋರಿಸ್ತೀವಿ ಮೇಡಂ. ಎಪ್ಲಿಯನ್ನು ವಿಡಿಯೋ ನೋಡ್ಕೊಂಡು ಮನೇಲೇ ಮಾಡಬಹುದಾ? ಭುಜನೋವೂ ಇದೆ, ಅದಕ್ಕಾದರೂ ಕಪ್?

ಉತ್ತರ: ಮೊದಲ ಸಲ ಡಾಕ್ಟರ್ ಕೈಯಲ್ಲೇ ಆಗಲಿ. ಯಾವ ಕಿವಿ, ಯಾವ ಕೊಳವೆ ಅಂತ ತಿಳಿಯದೆ ಸುಮ್ನೆ ತಲೆ ಹೊರಳಿಸಿದರೆ ಪ್ರಯೋಜನವಿಲ್ಲ. ಕತ್ತಿನ ಮೂಳೆ ಸವೆದಿದ್ದರೆ ಅದನ್ನೂ ಮೊದಲೇ ಹೇಳಿ. ಭುಜಕ್ಕೂ ಕಪ್ ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಚರ್ಮದಡಿ ರಕ್ತ ಜಾಸ್ತಿ ಸೋರಿ ಕಲೆಗಟ್ಟಬಹುದು. ಹಾಗಂತ ಕಪ್ ಹಾಕಿಸಲು ಮಾತ್ರೆ ಮಾತ್ರ ನಿಲ್ಲಿಸಬೇಡಿ. ಬಿಸಿನೀರಿನ ಚೀಲ ಇಡಿ, ಸಾಕು. ರಾತ್ರಿ ಅವರು ಬಾತ್‌ರೂಮಿಗೆ ಏಳುವಾಗ ಜೊತೆಗಿರಿ, ಬೀಳುವುದು ಆಗಲೇ ಜಾಸ್ತಿ.