ಯೂನಿಯನ್ ಎಲೆಕ್ಷನ್‌ಗೆ ನಿಲ್ಬೇಕು ಅಂತಿದೀನಿ, ಮೊದ್ಲು ಏನೇನ್ ನೋಡ್ಕೋಬೇಕು?

ಪ್ರಶ್ನೆ (ಮೆಷಿನ್ ಆಪರೇಟರ್, ವಸಂತನರಸಾಪುರ, ತುಮಕೂರು):
ಮೇಡಂ ನಮಸ್ಕಾರ. ನಮ್ ಯೂನಿಯನ್ ಬೆಂಗ್ಳೂರಲ್ಲಿ ರಿಜಿಸ್ಟರ್ ಆಗಿರೋದು, ನಮ್ ಫ್ಯಾಕ್ಟ್ರೀದು ಅದರ ಒಂದು ಘಟಕ. ಈಗ ಘಟಕದ ಎಲೆಕ್ಷನ್ ಬಂತು, ಎ ಶಿಫ್ಟ್ ಹುಡುಗ್ರೆಲ್ಲ ಸೇರ್ಕೊಂಡು ಕಾರ್ಯದರ್ಶಿ ಸ್ಥಾನಕ್ಕೆ ನೀನೇ ನಿಂತ್ಕೊ ಅಂತ ಹಿಡ್ಕೊಂಡವ್ರೆ. ನಂಗೂ ಮನಸೈತೆ, ಯಾಕಂದ್ರೆ ಕ್ಯಾಂಟೀನ್ ಊಟದ್ದು, ಬಸ್ಸಿಂದು, ಓಟಿ (ಓವರ್‌ಟೈಮ್) ದುಡ್ಡಿಂದು ಯಾರೂ ಗಟ್ಟಿಯಾಗಿ ಕೇಳ್ತಾನೇ ಇಲ್ಲ. ಆದ್ರೆ ಈಗಿರೋರು ಹೋದ ಸಲನೂ ಅವಿರೋಧ ಆಯ್ಕೆ ಅಂತ ಬಂದೋರು, ಮತದಾರರ ಪಟ್ಟಿ ಕೇಳಿದ್ರೆ ನಾಳೆ ನಾಡಿದ್ದು ಅಂತಾರೆ. ಇನ್ನೊಂದು, ನೀನ್ ನಿಂತ್ರೆ ಬೇರೆ ಪ್ಲಾಂಟ್‌ಗೆ ಎತ್ತಾಕ್ತಾರೆ ಅಂತ ಸೂಪರ್ವೈಸರ್ ಆಗ್ಲೇ ಮಾತು ತೇಲಿಬಿಟ್ಟವ್ರೆ. ಮನೇಲಿ ಬೇಡ ಅಂತಾವ್ರೆ. ಏನ್ ಮಾಡ್ಲಿ?

ಉತ್ತರ (ಕಾರ್ಮಿಕ ಕೇಸುಗಳ ವಕೀಲೆ, ತುಮಕೂರು):
ನಿಂತ್ಕೊಳ್ಳಿ. ಎದುರಿಗೆ ಒಬ್ರು ನಿಂತಾಗಲೇ ಒಳಗಿರೋರೂ ಲೆಕ್ಕ ಸರಿ ಮಾಡ್ಕೊಳ್ಳೋದು, ಇದನ್ನ ಎಷ್ಟೋ ಘಟಕಗಳಲ್ಲಿ ನೋಡಿದೀನಿ. ಆದ್ರೆ ನಾಮಿನೇಷನ್‌ಗೂ ಮುಂಚೆ ಮೂರು ಕಾಗದ ಕೈಗೆ ಬರ್ಲಿ: ಬೈಲಾ ಅಂದ್ರೆ ಯೂನಿಯನ್ ನಿಯಮಾವಳಿ, ಸದಸ್ಯರ ರಿಜಿಸ್ಟರು, ಚಂದಾ ಲೆಕ್ಕ.

ಬೈಲಾ ಯಾಕೆ ಅಂದ್ರೆ ಎಲೆಕ್ಷನ್ ಹೀಗೇ ನಡೆಸ್ಬೇಕು ಅಂತ ಕಾನೂನು ಒಂದೊಂದಾಗಿ ಹೇಳಲ್ಲ, ಪದಾಧಿಕಾರಿಗಳನ್ನ ಹೇಗೆ ಆರಿಸೋದು ಹೇಗೆ ತೆಗೆಯೋದು ಅಂತ ಯೂನಿಯನ್ನೇ ತನ್ನ ನಿಯಮದಲ್ಲಿ ಬರ್ಕೊಂಡಿರ್ಬೇಕು ಅಂತಷ್ಟೇ ಹೇಳುತ್ತೆ. ಸೂಚಕರು ಎಷ್ಟು ಜನ, ಅನುಮೋದಕರು ಬೇಕಾ, ನೋಟಿಸ್ ಎಷ್ಟು ದಿನ ಮುಂಚೆ, ಗುಪ್ತ ಮತದಾನನಾ ಕೈ ಎತ್ತೋದಾ, ಎಷ್ಟು ತಿಂಗಳು ಚಂದಾ ಬಾಕಿ ಇದ್ರೆ ಓಟು ಹೋಗುತ್ತೆ, ಎಲ್ಲಾ ಅದರಲ್ಲೇ ಇರೋದು. 18 ವರ್ಷ ತುಂಬಿರ್ಬೇಕು, ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆ ಆಗಿದ್ರೆ ಬಿಡುಗಡೆಯಾಗಿ 5 ವರ್ಷ ಕಳೆದಿರ್ಬೇಕು ಅನ್ನೋದು 1926ರ ಟ್ರೇಡ್ ಯೂನಿಯನ್ ಕಾಯ್ದೇಲೂ ಇತ್ತು, ಅದರ ಜಾಗಕ್ಕೆ 2025 ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೇಲೂ ಇದೆ.

ಇನ್ನು ರಿಜಿಸ್ಟರು. ಜಗಳ ಹುಟ್ಟೋದೇ ಇಲ್ಲಿ. ಕೆಲಸ ಬಿಟ್ಟು ಊರು ಸೇರಿದವರ ಹೆಸರು ಹಾಗೇ ಇರುತ್ತೆ, ಪರ್ಮನೆಂಟ್ ಆಗಿ ವರ್ಷ ಆದ ಹುಡುಗನ ಹೆಸರು ಏರಿಸೇ ಇರಲ್ಲ. ಚಂದಾ ರಸೀದಿ ಪುಸ್ತಕದಲ್ಲಿ ಸದಸ್ಯನಿಗೆ ಹರಿದು ಕೊಟ್ಟ ಮೇಲೆ ಉಳಿಯೋ ಅರ್ಧ ಚೀಟಿ ಇರುತ್ತಲ್ಲ, ಅದನ್ನ ರಿಜಿಸ್ಟರ್ ಪಕ್ಕದಲ್ಲಿ ಇಟ್ಕೊಂಡು ಒಂದೊಂದೇ ಹೆಸರು ತಾಳೆ ಹಾಕಿ, ಯಾರ ಓಟು ನಿಲ್ಲುತ್ತೆ ಯಾರದ್ದು ಬೀಳುತ್ತೆ ಅಲ್ಲೇ ಗೊತ್ತಾಗುತ್ತೆ. ಬಾಕಿ ಇರೋರು ನಿಮ್ ಕಡೆಯವರೇ ಆಗಿದ್ರೆ ಈಗ್ಲೇ ಕಟ್ಟಿಸಿ ರಸೀದಿ ಇಸ್ಕೊಳ್ಳಿ, ಎಲೆಕ್ಷನ್ ದಿನ ಬೂತ್ ಮುಂದೆ ಕಟ್ಟೋಕೆ ಹೋದ್ರೆ ತಗೊಳ್ಳಲ್ಲ. ಸದಸ್ಯನಾದವನಿಗೆ ಲೆಕ್ಕದ ಪುಸ್ತಕ, ಸದಸ್ಯರ ಪಟ್ಟಿ ನೋಡೋ ಹಕ್ಕು ಕಾನೂನಲ್ಲೇ ಇದೆ, ಯಾರ ದಯೆನೂ ಬೇಕಾಗಿಲ್ಲ. ಬಾಯಲ್ಲಿ ಕೇಳಬೇಡಿ, ಒಂದು ಅರ್ಜಿ ಬರೆದು ಇನ್ನೊಂದು ಕಾಪಿ ಮೇಲೆ ಸ್ವೀಕೃತಿ ಸಹಿ ಹಾಕಿಸ್ಕೊಳ್ಳಿ, ಹಾಕಲ್ಲ ಅಂದ್ರೆ ಬೆಂಗ್ಳೂರು ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿ.

ಟ್ರಾನ್ಸ್‌ಫರ್ ಭಯದ ವಿಷಯ. ಯೂನಿಯನ್ ಕೆಲಸ ಮಾಡ್ತಾನೆ ಅಂತ ದುರುದ್ದೇಶದಿಂದ ವರ್ಗ ಮಾಡೋದು, ಕೆಲಸ ತೆಗೀತೀವಿ ಅಂತ ಹೆದರಿಸೋದು ಎರಡೂ ಅನುಚಿತ ಕಾರ್ಮಿಕ ಪದ್ಧತಿ ಅಂತ ಕಾನೂನಿನ ಅನುಸೂಚೀಲೇ ಬರೆದಿದೆ. ಹಾಗಂತ ಆರ್ಡರ್ ಬಂದ್ರೆ ತಗೊಳ್ಳಲ್ಲ ಅಂತ ಹಠ ಮಾಡಬೇಡಿ, ಆಜ್ಞೆ ಮೀರಿದ ಅಂತ ಚಾರ್ಜ್‌ಶೀಟ್ ಕೊಡೋಕೆ ಅದೇ ಸಾಕು. ತಗೊಂಡು, ಆಕ್ಷೇಪಣೆಯೊಂದಿಗೆ ಸ್ವೀಕರಿಸಿದೀನಿ ಅಂತ ಬರೆದು, ಅವತ್ತೇ ಯೂನಿಯನ್‌ಗೂ ಲೇಬರ್ ಆಫೀಸರ್‌ಗೂ ದೂರು ಕೊಡಿ. ಸೂಪರ್ವೈಸರ್ ಆಡಿದ ಮಾತನ್ನ ತಾರೀಖು, ಹೊತ್ತು, ಪಕ್ಕದಲ್ಲಿ ಯಾರಿದ್ರು ಅಂತ ಇವತ್ತೇ ಬರೆದಿಡಿ, ಆರು ತಿಂಗಳಾದ್ಮೇಲೆ ನೆನಪಿಂದ ಹೇಳಿದ್ರೆ ನಿಲ್ಲಲ್ಲ. ಮತ್ತೆ ಪ್ರಚಾರ ಮೆಷಿನ್ ಹತ್ರ ಡ್ಯೂಟಿ ಟೈಮಲ್ಲಿ ಬೇಡವೇ ಬೇಡ. ಗೇಟ್ ಆಚೆ, ಟೀ ಅಂಗಡಿ, ಶಿಫ್ಟ್ ಬಿಟ್ಟ ಮೇಲೆ.

ಕಾಮೆಂಟ್ (ಅದೇ ಮೆಷಿನ್ ಆಪರೇಟರ್):
ಥ್ಯಾಂಕ್ಸ್ ಮೇಡಂ. ನಾಮಿನೇಷನ್ ಹಾಕಿದ್ ಮೇಲೆ ನನ್ನ ಮುಟ್ಟಂಗಿಲ್ಲ ಅಂತ ಹುಡುಗ್ರು ಅಂತಾವ್ರೆ, ನಿಜನಾ? ಮತ್ತೆ ಗೆದ್ರೆ ಮೊದಲ್ನೇ ತಿಂಗಳೇ ಸ್ಟ್ರೈಕು ಅಂತ ಪಾಂಪ್ಲೆಟ್‌ನಲ್ಲಿ ಹಾಕ್ಸೋಣ ಅಂತಾನೂ ಅಂತಾವ್ರೆ.

ಉತ್ತರ:
ಎರಡೂ ತಪ್ಪು, ಅದರಲ್ಲೂ ಮೊದಲ್ನೇದು ನಂಬ್ಕೊಂಡು ಕೆಲಸ ಕಳ್ಕೊಂಡೋರಿದ್ದಾರೆ. ರಕ್ಷಿತ ಕಾರ್ಮಿಕ ಅಂತ ಒಂದಿದೆ, ಆದ್ರೆ ಅದು ಅಭ್ಯರ್ಥಿಗಲ್ಲ, ಗೆದ್ದು ಪದಾಧಿಕಾರಿ ಆದವರಲ್ಲಿ ಯೂನಿಯನ್ ಹೆಸರು ಕಳಿಸಿ ಮಾನ್ಯ ಆದವರಿಗೆ ಮಾತ್ರ. ಒಟ್ಟು ಕಾರ್ಮಿಕರಲ್ಲಿ ನೂರಕ್ಕೆ 1, ಕನಿಷ್ಠ 5 ಜನ, ಗರಿಷ್ಠ 100 ಜನ. ಅವರಿಗೂ ರಕ್ಷಣೆ ಇರೋದು ಯಾವ್ದಾದ್ರೂ ವಿವಾದ ಸಂಧಾನ ಅಧಿಕಾರಿ ಇಲ್ಲಾ ಟ್ರಿಬ್ಯೂನಲ್ ಮುಂದೆ ನಡೀತಿರೋ ಹೊತ್ತಲ್ಲಿ, ಆ ಪ್ರಾಧಿಕಾರದ ಲಿಖಿತ ಅನುಮತಿ ಇಲ್ಲದೆ ಡಿಸ್ಮಿಸ್ ಮಾಡಂಗಿಲ್ಲ ಅನ್ನೋದು.

ಸ್ಟ್ರೈಕ್ ವಿಷಯದಲ್ಲಿ ಹೊಸ ಸಂಹಿತೆ ಬಂದ್ಮೇಲೆ ಲೆಕ್ಕವೇ ಬದಲಾಗಿದೆ. ಮೊದ್ಲು ನೀರು, ಕರೆಂಟು, ರೈಲು ಇಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗಷ್ಟೇ ಕಡ್ಡಾಯ ಇದ್ದ ನೋಟಿಸು ಈಗ ಎಲ್ಲಾ ಕಾರ್ಖಾನೆಗೂ ಬಂದಿದೆ, ನೋಟಿಸ್ ಕೊಟ್ಟು 14 ದಿನ ಕಾಯಬೇಕು, ಸಂಧಾನ ನಡೀತಿರೋವಾಗ ಮಾಡಂಗಿಲ್ಲ. ನೂರಕ್ಕೆ 50 ಜನ ಒಟ್ಟಿಗೆ ಕ್ಯಾಶುಯಲ್ ಲೀವ್ ಹಾಕಿದ್ರೂ ಅದು ಸ್ಟ್ರೈಕೇ. ನನ್ನ ಕೇಳಿದ್ರೆ ಇದು ಕೆಲಸಗಾರರ ಕೈ ಕಟ್ಟೋ ಕಾನೂನು, ಆದ್ರೆ ಜಾರಿಲಿದೆ, ಇದನ್ನ ಮುಚ್ಚಿಟ್ಟು ಓಟು ಕೇಳೋದು ನಂಬಿದವರಿಗೆ ಮಾಡೋ ಮೋಸ. ಪಾಂಪ್ಲೆಟ್‌ನಲ್ಲಿ ಓಟಿ ಬಾಕಿ ಎಷ್ಟು ಗಂಟೇದು ಅಂತ ಪೇ ಸ್ಲಿಪ್ ಲೆಕ್ಕ ಹಾಕಿ, ಓವರ್‌ಟೈಮಿಗೆ ಡಬಲ್ ರೇಟ್ ಅಂತ ಕಾನೂನಿದೆಯಲ್ಲ ಅದನ್ನ ಹಾಕಿ. ಪೇ ಸ್ಲಿಪ್ ತೆಗೆದು ನೋಡಿದೋನಿಗೆ ಭಾಷಣ ಬೇಕಾಗಲ್ಲ.

ಕಾಮೆಂಟ್ (ಪ್ಯಾಕಿಂಗ್ ಸೆಕ್ಷನ್, ಬೇರೆ ಕಂಪ್ನಿ, ತುಮಕೂರು):
ಅಣ್ಣ ನಿಂತ್ಕೊಳ್ಳಿ, ಆದ್ರೆ ಒಂದು ಕೇಳ್ತೀನಿ. ನಮ್ಮಲ್ಲಿ ಯೂನಿಯನ್ ಮೀಟಿಂಗ್ ಶಿಫ್ಟ್ ಬಿಟ್ಟ ಮೇಲೆ ಟೀ ಅಂಗಡೀಲಿ ನಡೆಯೋದು. ನಾವು ಹೆಣ್ಮಕ್ಳು ಕೊರಟಗೆರೆ, ಶಿರಾ, ಗುಬ್ಬಿ ಕಡೆಯೋರು, ಕಂಪ್ನಿ ಬಸ್ ಬಿಟ್ರೆ ಬೇರೆ ದಾರಿ ಇಲ್ಲ. ಚಂದಾ ಕೊಡ್ತೀವಿ, ಮೀಟಿಂಗ್‌ನಲ್ಲಿ ಏನ್ ತೀರ್ಮಾನ ಆಯ್ತು ಅಂತ ಮಾತ್ರ ಗೊತ್ತಾಗಲ್ಲ. ಮೇಡಂ, ಕಾಂಟ್ರ್ಯಾಕ್ಟ್ ಮೇಲಿರೋರು ಓಟು ಹಾಕಬಹುದಾ?

ಉತ್ತರ:
ಅಕ್ಕ, ನೀವು ಹೇಳಿದ್ದು ಎಲ್ಲಕ್ಕಿಂತ ದೊಡ್ಡ ವಿಷಯ. ಬಸ್ ಹೊರಡೋ ಹೊತ್ತಿಗೆ ಸಭೆ ಇಟ್ರೆ ಅರ್ಧ ಸದಸ್ಯರನ್ನ ಆಚೆ ನಿಲ್ಲಿಸಿದಂಗೆ. ವಾರದ ರಜೆ ದಿನ ತುಮಕೂರಲ್ಲೇ ಸಭೆ ಇಡಿ, ಇಲ್ಲಾ ಬಸ್ಸಿಗೊಬ್ಬರು ಹೆಣ್ಮಗಳನ್ನ ಪ್ರತಿನಿಧಿ ಮಾಡಿ, ತೀರ್ಮಾನ ಅವರೇ ಬಸ್ಸಲ್ಲಿ ಓದಿ ಹೇಳ್ಲಿ. ಪ್ರಶ್ನೆ ಕೇಳಿದ ಅಣ್ಣ, ನಿಮ್ ಪ್ಯಾನೆಲ್‌ನಲ್ಲಿ ಒಬ್ಬ ಹೆಣ್ಮಗಳೂ ಇಲ್ಲ ಅಂದ್ರೆ ಇವತ್ತೇ ಹೋಗಿ ಮಾತಾಡಿ.

ಕಾಂಟ್ರ್ಯಾಕ್ಟ್ ಕೆಲಸಗಾರರು ಯೂನಿಯನ್ ಸೇರಬಾರ್ದು ಅಂತ ಕಾನೂನಿಲ್ಲ. ಬೈಲಾದ ಸದಸ್ಯತ್ವದ ಕಲಮು ಅವರನ್ನ ಒಳಗೊಂಡಿದ್ರೆ ಸೇರಬಹುದು, ಘಟಕದ ಎಲೆಕ್ಷನ್‌ನಲ್ಲಿ ಓಟೂ ಹಾಕಬಹುದು. ಕಂಪ್ನಿ ಜೊತೆ ಮಾತುಕತೆಗೆ ಕೂರೋ ಯೂನಿಯನ್ ಯಾವುದು ಅನ್ನೋದು ಮಾತ್ರ ಬೇರೆ ಲೆಕ್ಕ, ಅದಕ್ಕೆ ಆ ಕಾರ್ಖಾನೆ ಮಸ್ಟರ್ ರೋಲ್‌ನಲ್ಲಿ (ಹಾಜರಿ ಪಟ್ಟೀಲಿ) ಇರೋರಲ್ಲಿ ನೂರಕ್ಕೆ 51ರ ಬೆಂಬಲ ಬೇಕು, ಯಾರಿಗೂ ಅಷ್ಟಿಲ್ದಿದ್ರೆ ನೂರಕ್ಕೆ 20ರಷ್ಟಾದ್ರೂ ಬೆಂಬಲ ಇರೋ ಯೂನಿಯನ್‌ಗಳಿಂದ ಪ್ರತಿ 20ಕ್ಕೊಬ್ಬರಂತೆ ಪ್ರತಿನಿಧಿಗಳು ಸೇರಿ ಸಮಿತಿ ಆಗುತ್ತೆ.

ಕಾಮೆಂಟ್ (ಅದೇ ಮೆಷಿನ್ ಆಪರೇಟರ್):
ನಮ್ ಪ್ಯಾಕಿಂಗ್‌ನಲ್ಲಿ ಒಬ್ಬ ಅಕ್ಕ ಅವ್ರೆ, ಖಜಾಂಚಿಗೆ ನಿಲ್ತೀರಾ ಅಂತ ಕೇಳಿದೀನಿ, ಮನೇಲಿ ಕೇಳಿ ಹೇಳ್ತೀನಿ ಅಂದ್ರು. ಪಟ್ಟಿಗೆ ಅರ್ಜಿ ಕೊಟ್ಟಾಯ್ತು, ಸಹಿನೂ ಹಾಕಿದ್ರು. ಇನ್ನೊಂದ್ ವಿಷಯ ಮೇಡಂ, ಎಚ್‌ಆರ್ ಕರೆದು ಲೈನ್ ಸೂಪರ್ವೈಸರ್ ಮಾಡ್ತೀವಿ, ಲೆಟರ್ ರೆಡಿ ಐತೆ ಅಂದ್ರು.

ಉತ್ತರ:
ಸಹಿ ಹಾಕೋ ಮುಂಚೆ ಲೆಟರ್‌ನ ಫೋಟೋ ತೆಗೆದು ನನಗೆ ಕಳಿಸಿ. ಸೂಪರ್ವೈಸರ್ ಕೆಲಸ ಇದ್ದು ಸಂಬಳ ತಿಂಗಳಿಗೆ 18 ಸಾವಿರ ದಾಟಿದ್ರೆ ಸಂಹಿತೆ ಪ್ರಕಾರ ನೀವು ಕಾರ್ಮಿಕರೇ ಅಲ್ಲ ಅಂತ ವಾದ ಹೂಡಬಹುದು, ಆಗ ಕಾರ್ಯದರ್ಶಿ ಸ್ಥಾನದ ಮೇಲೂ ತಕರಾರು ಬರುತ್ತೆ. ಯೂನಿಯನ್ ಬಲ ಕುಗ್ಗಿಸೋಕೆ ಅರ್ಹತೆ ನೋಡದೆ ಕೆಲವರಿಗಷ್ಟೇ ಪ್ರಮೋಷನ್ ಕೊಡೋದೂ ಅನುಚಿತ ಪದ್ಧತಿ ಪಟ್ಟೀಲಿದೆ. ಯೋಚನೆ ಮಾಡೋಕೆ ಟೈಮ್ ಬೇಕು ಅಂತ ಮೇಲ್ ಹಾಕಿ, ಬಾಯಲ್ಲಿ ಹೂಂ ಅಂತಾನೂ ಬೇಡ ಉಹೂಂ ಅಂತಾನೂ ಬೇಡ. ನಾಮಿನೇಷನ್ ಕೊನೇ ದಿನಕ್ಕೆ ಕಾಯದೆ ಮೊದಲ್ನೇ ದಿನವೇ ಹಾಕಿ, ಸೂಚಕರ ಸಹಿ ಬೈಲಾ ಕೇಳಿದ್ದಕ್ಕಿಂತ ಒಂದೆರಡು ಜಾಸ್ತಿನೇ ಇರ್ಲಿ, ಒಬ್ಬರು ಹೆದರಿ ಹಿಂದಕ್ಕೆ ತಗೊಂಡ್ರೂ ಅರ್ಜಿ ಬೀಳಬಾರ್ದು.