ಸಂಶೋಧನಾ ಪೇಪರ್ ಓದೋದು, ಪ್ರಶ್ನೆ ಎತ್ತೋದು: ಡಯಟೆಟಿಕ್ಸ್ ಓದಿದವರು ಹೇಗೆ ಕಲಿತಿರಿ?

ಎಂ.ಎಸ್ಸಿ. ಡಯಟೆಟಿಕ್ಸ್ ಮೊದಲ ವರ್ಷದಲ್ಲಿದ್ದೇನೆ. ಡಿಗ್ರಿ ತನಕ ನೋಟ್ಸ್ ಓದಿಯೇ ಪರೀಕ್ಷೆ ಬರೆದವಳು. ಈಗ ಜರ್ನಲ್ ಕ್ಲಬ್‌ನಲ್ಲಿ ಪೇಪರ್ ವಿಮರ್ಶೆ ಮಾಡಬೇಕು. ಅಚ್ಚಾದದ್ದೆಲ್ಲ ಸರಿ ಅಂತಲೇ ಕಾಣುತ್ತೆ, ಎಲ್ಲಿ ಪ್ರಶ್ನೆ ಎತ್ತಬೇಕೋ ತಿಳಿಯೋಲ್ಲ. ಮನೆಯಲ್ಲಿ ಬೇರೆ ‘ತೆಂಗಿನೆಣ್ಣೆ ಒಳ್ಳೆಯದಾ, ಸಿರಿಧಾನ್ಯ ತಿಂದ್ರೆ ಶುಗರ್ ಇಳಿಯುತ್ತಾ’ ಅಂತ ಕೇಳ್ತಾರೆ. ಈ ದಾರಿಯಲ್ಲಿ ಮುಂದೆ ಹೋಗಿರೋ ಅಕ್ಕ, ಅಣ್ಣಂದಿರು ಅನುಭವ ಹೇಳಿ.

ಆಸ್ಪತ್ರೆ ಡಯಟೀಷಿಯನ್, ಮಂಗಳೂರು

ಮನೆಯವರ ಪ್ರಶ್ನೆಯಿಂದಲೇ ಶುರು ಮಾಡಮ್ಮ. ‘ತೆಂಗಿನೆಣ್ಣೆ ಒಳ್ಳೆಯದಾ’ ಅಂತಷ್ಟೇ ಕೇಳಿದರೆ ಉತ್ತರ ಸಿಗೋಲ್ಲ. ಯಾರಿಗೆ, ಯಾವುದರ ಬದಲಿಗೆ, ಏನನ್ನು ಅಳೆದು ಅಂತ ಸೇರಿಸಿ ಕೇಳು. ಪ್ರಶ್ನೆ ಕಟ್ಟೋಕೆ ಪಿಕೊ ಅನ್ನೋ ಸೂತ್ರ ಅಂತ ಪಾಠದಲ್ಲಿ ಬರುತ್ತಲ್ಲ, ಅದರ ಕೆಲಸ ಇಷ್ಟೇ. 2020ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ 16 ಪ್ರಯೋಗಗಳನ್ನು ಒಟ್ಟುಮಾಡಿದ ವಿಶ್ಲೇಷಣೆ ಬಂತು. ಸೋಯಾ, ಆಲಿವ್‌ನಂಥ ಎಣ್ಣೆ ಬಳಸಿದವರಿಗಿಂತ ತೆಂಗಿನೆಣ್ಣೆ ತಿಂದವರ ರಕ್ತದಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಅನ್ನೋ ಎಲ್‌ಡಿಎಲ್ ಡೆಸಿಲೀಟರಿಗೆ ಸುಮಾರು 10 ಮಿ.ಗ್ರಾಂ. ಹೆಚ್ಚಿತ್ತು. ಅದೇ, 2018ರ ಕೇಂಬ್ರಿಜ್ ಪ್ರಯೋಗದಲ್ಲಿ ಬೆಣ್ಣೆಯ ಪಕ್ಕದಲ್ಲಿಟ್ಟಾಗ ತೆಂಗಿನೆಣ್ಣೆಯೇ ವಾಸಿ ಅನ್ನಿಸಿತು. ಎಣ್ಣೆ ಒಂದೇ, ಹೋಲಿಕೆ ಬದಲಾಯ್ತು. ಇನ್ನೊಂದು ವಿಷಯ: ಇಲ್ಲೆಲ್ಲ ಅಳೆದದ್ದು ರಕ್ತದ ಕೊಬ್ಬನ್ನು, ಹೃದಯಾಘಾತವನ್ನಲ್ಲ. ರೋಗಿಗೆ ಮಾತು ಕೊಡುವಾಗ ಈ ವ್ಯತ್ಯಾಸ ಮರೆಯಬಾರದು.

ಪಿಎಚ್‌.ಡಿ. ವಿದ್ಯಾರ್ಥಿ, ಮೈಸೂರು

ಸಾರಾಂಶ ಓದಿ ಕೊನೆಯ ಪುಟಕ್ಕೆ ಹೋಗಬೇಡಿ. ಮೊದಲು ವಿಧಾನದ ಭಾಗ, ಆಮೇಲೆ ಕೋಷ್ಟಕಗಳು. ನಿಮಗೆ ಏನು ಹೊಳೆಯಿತೋ ಎರಡು ಸಾಲು ಬರೆದಿಡಿ. ಲೇಖಕರ ತೀರ್ಮಾನ ನೋಡೋದು ಅದಾದ ಮೇಲೆ. ನಿಮ್ಮ ಸಾಲಿಗೂ ಅವರದ್ದಕ್ಕೂ ಎಲ್ಲಿ ಹೊಂದೋಲ್ಲವೋ ಅಲ್ಲೇ ಪ್ರಶ್ನೆ ಇರುತ್ತೆ.

ಕಲಿಯೋಕೆ ಎರಡು ಅಧ್ಯಯನ ಹೇಳ್ತೀನಿ. ಹಳದಿ, ಹಸಿರು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ವೀಕ್ಷಣಾ ಅಧ್ಯಯನಗಳು, ಅಂದರೆ ಜನ ತಾವಾಗಿ ತಿನ್ನೋದನ್ನು ಬರೀ ಗಮನಿಸಿದ ಅಧ್ಯಯನಗಳು, ಹೇಳ್ತಿದ್ದವು. ಕಾರಣ ಆ ತರಕಾರಿಗಳಲ್ಲಿರೋ ಬೀಟಾ ಕ್ಯಾರೋಟಿನ್ ಅನ್ನೋ ಪೋಷಕಾಂಶ ಇರಬಹುದು ಅಂತ ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ತರಕಾರಿ ತಿನ್ನುವವರ ಬದುಕಿನಲ್ಲಿ ಬೇರೆ ಏನೇನೋ ಇರುತ್ತೆ. ಒಂದು ಪೋಷಕಾಂಶವನ್ನು ಕಿತ್ತು ಮಾತ್ರೆ ಮಾಡಿದರೆ ಅದೆಲ್ಲ ಜೊತೆಗೆ ಬರೋಲ್ಲ.

ಎರಡನೆಯದು ಸ್ಪೇನಿನ ಪ್ರೆಡಿಮೆಡ್, ಮೆಡಿಟರೇನಿಯನ್ ಊಟ ಹೃದ್ರೋಗ ತಡೆಯುತ್ತಾ ಅಂತ 7,447 ಜನರ ಮೇಲೆ ನಡೆದ ಪ್ರಯೋಗ. 2013ರಲ್ಲಿ ಪ್ರಕಟವಾಗಿ 2018ರಲ್ಲಿ ಹಿಂತೆಗೆದು ಮತ್ತೆ ಪ್ರಕಟಿಸಿದರು. ಒಂದೇ ಮನೆಯ ಕೆಲವರನ್ನು ಒಂದೇ ಗುಂಪಿಗೆ ಹಾಕಿದ್ದರು, ಒಂದು ಕೇಂದ್ರದಲ್ಲಿ ಇಡೀ ಕ್ಲಿನಿಕ್ಕನ್ನೇ ಒಂದು ಗುಂಪು ಮಾಡಿದ್ದರು. ಅಂದರೆ ಯಾದೃಚ್ಛಿಕ ಹಂಚಿಕೆ (ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೂ ಗುಂಪಿಗೆ ಹಾಕೋದು) ಕೆಟ್ಟಿತ್ತು. ಅಂಕಿಗಳು ಹೆಚ್ಚೇನೂ ಬದಲಾಗಲಿಲ್ಲ, ತೀರ್ಮಾನದ ಭಾಷೆ ಮೆತ್ತಗಾಯಿತು. ಎರಡೂ ಆವೃತ್ತಿ ಪಕ್ಕಪಕ್ಕ ಇಟ್ಟು ಓದಿ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಸಮುದಾಯ ಪೌಷ್ಟಿಕತೆ, ತುಮಕೂರು

ನಮ್ಮ ಊಟದ ಅಂಕಿಗಳನ್ನೂ ಹೀಗೇ ಕೆದಕಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನಾ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿ.ಗ್ರಾಂ. ಕ್ಯಾಲ್ಸಿಯಂ, ಹಸುವಿನ ಹಾಲಿಗೆ 118. ‘ಹಾಲಿಗಿಂತ ಮೂರು ಪಟ್ಟು’ ಅನ್ನೋದು ಇಂಥ ಅಂಕಿಯಿಂದಲೇ. ಆದರೆ ಅದು ಒಣ ಕಾಳಿನ ಲೆಕ್ಕ, ಮುದ್ದೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಜೊತೆಗೆ ರಾಗಿಯಲ್ಲಿರೋ ಫೈಟೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡ ಬರುತ್ತೆ. ಮೊಳಕೆ ಕಟ್ಟಿದರೆ ಫೈಟೇಟ್ ತಗ್ಗುತ್ತೆ. ಹಾಗಂತ ರಾಗಿಯ ಬೆಲೆ ಕಮ್ಮಿಯಾಗೋಲ್ಲ, ಹಾಲು ಕುಡಿಯದ ಮನೆಗೆ ಅದು ದೊಡ್ಡ ಆಸರೆ. ಮನೆಯಲ್ಲಿ ಹಿಟ್ಟನ್ನೂ ಮುದ್ದೆಯನ್ನೂ ತೂಗಿ ನೋಡು. ನಿನ್ನೆ ತಿಂದದ್ದನ್ನು ಕೇಳಿ ಬರೆದುಕೊಳ್ಳುವಾಗ ‘ಎರಡು ಮುದ್ದೆ’ ಅಂದರೆ ಎಷ್ಟು ಹಿಟ್ಟು ಅಂತ ಆಗ ಗೊತ್ತಾಗುತ್ತೆ.

ಸಿರಿಧಾನ್ಯದ ಪೇಪರಿಗೂ ಇದೇ ಪ್ರಶ್ನೆಗಳು. ಬಿಳಿ ಅನ್ನದ ಬದಲಿಗೆ ತಿಂದರಾ, ಅನ್ನದ ಜೊತೆಗಾ? ಎಷ್ಟು ವಾರ? ಔಷಧಿ ಬದಲಾಗಿತ್ತಾ? ಹಿಟ್ಟು ನುಣ್ಣಗಿತ್ತಾ, ನುಚ್ಚಾ?

ಉಪನ್ಯಾಸಕಿ, ಧಾರವಾಡ

ಒಂದೇ ಮಾತು ಸೇರಿಸ್ತೀನಿ. ಅಧ್ಯಯನಕ್ಕ ಹಣ ಯಾರು ಕೊಟ್ಟರು ಅಂತ ನೋಡ್ರಿ, ಆದರ ಕಂಪನಿ ಹೆಸರು ಕಂಡ ಕೂಡಲೇ ಪೇಪರ್ ಬದಿಗಿಡಬ್ಯಾಡ್ರಿ; ಹೋಲಿಕೆಗೆ ಏನು ಆರಿಸ್ಯಾರ, ಏನು ಅಳದಾರ ಅಂತ ಇನ್ನಷ್ಟು ಎಚ್ಚರದಿಂದ ನೋಡ್ರಿ. ಪೂರ್ತಿ ಪೇಪರ್ ಸಿಗದಿದ್ರ, ಪುಕ್ಕಟೆ ಓದಾಕ ಸಿಗೋ ಜಾಲತಾಣ ಪಬ್‌ಮೆಡ್ ಸೆಂಟ್ರಲ್‌ನ್ಯಾಗ ಹುಡುಕ್ರಿ. ಅಲ್ಲೂ ಇಲ್ಲಂದ್ರ ಲೇಖಕರಿಗೇ ಮೇಲ್ ಬರೀರಿ, ಭಾಳ ಮಂದಿ ಕಳಸ್ತಾರ.