ನಡುಬೇಸಿಗೆಯಲ್ಲಿ ಏರುಮಡಿಗೆ ಏನು ಹಾಕೋದು? ನಿಮ್ಮ ಅನುಭವ ಹೇಳಿ

ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಸಿಮೆಂಟ್ ಬ್ಲಾಕ್ ಜೋಡಿಸಿ ಮೂರು ಏರುಮಡಿ ಮಾಡಿಸಿದ್ದೇವೆ. ಒಂದೊಂದೂ 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೊಕೊಪೀಟ್ ಬೆರೆಸಿ ತುಂಬಿದ್ದೇವೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೂ ಬಿಸಿಲು.

ಫೆಬ್ರವರಿ ಕೊನೆಯಲ್ಲಿ ಟೊಮೇಟೊ ಸಸಿ, ಬೀನ್ಸ್, ಕೊತ್ತಂಬರಿ ಹಾಕಿದೆ. ಟೊಮೇಟೊ ಮೈತುಂಬ ಹೂ ಬಿಟ್ಟು ಎಲ್ಲವನ್ನೂ ಉದುರಿಸಿತು. ಕೊತ್ತಂಬರಿ ಗೇಣುದ್ದ ಆಗುವ ಮೊದಲೇ ಹೂವಿಗೆ ಬಂತು. ಬೀನ್ಸ್ ಒಣಗಿಯೇ ಹೋಯಿತು. ಈಗ ಏಪ್ರಿಲ್ ಎರಡನೇ ವಾರ. ಮಳೆಗಾಲದವರೆಗೆ ಮಡಿ ಖಾಲಿ ಬಿಡಬೇಕಾ? ಈ ಬಿಸಿಲಲ್ಲೂ ಹಾಕಬಹುದಾದ ತರಕಾರಿ ಇದೆಯಾ? ಅಡುಗೆಗೆ ಪುದೀನ, ಕೊತ್ತಂಬರಿ ಬೇಕೇ ಬೇಕು. ಒಂದು ಮಡಿಗೆ ಅವರೆ ಹಾಕುವ ಆಸೆಯೂ ಇದೆ. ಬೆಳೆದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ಖಾಲಿ ಬಿಡಬೇಡಿ ಅಕ್ಕಾ. ನಿಮ್ಮ ಕೈಗುಣದ ತಪ್ಪೂ ಅಲ್ಲ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೇಟೊ ಕಾಯಿ ಕಚ್ಚುವುದಿಲ್ಲ. ಪರಾಗ ಕೆಟ್ಟು ಹೂ ಉದುರುತ್ತದೆ. ಎಷ್ಟು ಗೊಬ್ಬರ ಕೊಟ್ಟರೂ ಅಷ್ಟೇ. ಗಿಡಕ್ಕೆ ರೋಗ ಇಲ್ಲದಿದ್ದರೆ ಕೀಳಬೇಡಿ. ತುದಿ ಕತ್ತರಿಸಿ ಬಿಡಿ, ತಂಪಾದಾಗ ಚಿಗುರಿ ಮತ್ತೆ ಹೂ ಬಿಡುತ್ತದೆ. ಬೀನ್ಸ್ ತಂಪಿನ ಬೆಳೆ, ಅದನ್ನು ಈಗ ಮರೆತುಬಿಡಿ.

ಏಪ್ರಿಲ್‌ಗೆ ನನ್ನ ಮೊದಲ ಆಯ್ಕೆ ಬೆಂಡೆ. ಅದಕ್ಕೆ ಬಿಸಿಲು ಅಂದರೆ ಹಬ್ಬ. ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ ಬೆಳಗ್ಗೆ ಊರಿದರೆ ಐದಾರು ದಿನಕ್ಕೆ ಮೊಳಕೆ ಕಾಣುತ್ತದೆ. ನಿಮ್ಮ ಮಡಿಯಲ್ಲಿ ಮೂರು ಸಾಲು ಹಿಡಿಯುತ್ತದೆ. ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. 24 ಗಿಡ ಆಗುತ್ತದೆ, ನಾಲ್ಕು ಜನರ ಮನೆಗೆ ಬೇಕಾದಷ್ಟು ಸಿಗುತ್ತದೆ. 45-50 ದಿನಕ್ಕೆ ಕೊಯ್ಲು ಶುರು. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಎರಡು ದಿನ ಊರಿಗೆ ಹೋಗಿ ಬಂದರೆ ಕಾಯಿ ಬಲಿತು ನಾರಾಗಿರುತ್ತದೆ, ಗಿಡವೂ ಹೊಸ ಹೂ ಬಿಡಲು ಸೋಮಾರಿಯಾಗುತ್ತದೆ.

ತಳಿ ನೋಡಿ ತನ್ನಿ, ಇದು ಮುಖ್ಯ. ಬೇಸಿಗೆಯಲ್ಲಿ ಬಿಳಿನೊಣ ಜಾಸ್ತಿ. ಅದು ಹಳದಿ ನಂಜು ರೋಗ ಹರಡುತ್ತದೆ. ಎಲೆಯ ನರವೆಲ್ಲ ಹಳದಿ, ಕಾಯಿಯೂ ಬಿಳಿಚಿಕೊಳ್ಳುತ್ತದೆ. ಒಮ್ಮೆ ಬಂದರೆ ಮದ್ದಿಲ್ಲ, ಆ ಗಿಡ ಕಿತ್ತು ಹಾಕಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಈ ರೋಗ ತಡೆಯಲೆಂದೇ ಬೆಳೆಸಿದ್ದು. ನಾನು ಅದನ್ನೇ ಹಾಕುತ್ತೇನೆ. ಜೊತೆಗೆ ಎರಡು ಹಳದಿ ಅಂಟು ಹಾಳೆ ನೇತುಹಾಕುತ್ತೇನೆ. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸುತ್ತೇನೆ.

ಎರಡನೆಯದು ದಂಟು, ಹರಿವೆ. 25-30 ದಿನಕ್ಕೆ ಸೊಪ್ಪು ಕೈಗೆ ಬರುತ್ತದೆ. ಬೀಜ ಸಣ್ಣದು, ಮರಳಿನ ಜೊತೆ ಬೆರೆಸಿ ಚೆಲ್ಲಿ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಇರುವೆ ಬೀಜ ಹೊತ್ತೊಯ್ಯುತ್ತದೆ, ಅದಕ್ಕೆ ನಾನು ಮಡಿಯ ಅಂಚಲ್ಲಿ ಒಂದು ಹಿಡಿ ಅಕ್ಕಿನುಚ್ಚು ಇಡುತ್ತೇನೆ. ಅವುಗಳಿಗೂ ಸಿಗಲಿ, ನಮ್ಮ ಬೀಜವೂ ಉಳಿಯಲಿ. ಇಡೀ ಮಡಿಗೆ ಒಂದೇ ಸಲ ಚೆಲ್ಲಬೇಡಿ. ಎರಡೆರಡು ವಾರಕ್ಕೆ ಒಂದೊಂದು ಪಟ್ಟಿ ಹಾಕಿದರೆ ಸೊಪ್ಪು ತಪ್ಪುವುದೇ ಇಲ್ಲ.

ಅವರೆ ಮಾತ್ರ ಈಗ ಬೇಡ. ನಾಟಿ ಅವರೆಗೆ ಹಗಲು ಚಿಕ್ಕದಾದರೇ ಹೂ. ಈಗ ಹಾಕಿದರೆ ಬಳ್ಳಿ ತಿಂಗಳುಗಟ್ಟಲೆ ಸುಮ್ನೆ ಹಬ್ಬುತ್ತಾ ಮಡಿ ತುಂಬಿಕೊಳ್ಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಾಕಿ. ತಡೆಯಲಾಗದಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಇದೆ. ಅದು ದಿನದ ಉದ್ದ ನೋಡುವುದಿಲ್ಲ. ಆದರೆ ನಾಟಿ ಅವರೆಯ ಸೊಗಡು ನನಗೆ ಅದರಲ್ಲಿ ಸಿಗಲಿಲ್ಲ.

ಧಾರವಾಡದಿಂದ

ಮೈಸೂರಿನವರು ಹೇಳಿದ್ದು ಸರಿ ಅದ. ಅದಕ್ಕೆ ಚವಳಿಕಾಯಿ ಸೇರಿಸ್ರಿ, ನಿಮ್ಮ ಕಡೆ ಗೋರಿಕಾಯಿ ಅಂತೀರಿ. ಬಿಸಿಲು, ನೀರಿನ ಕೊರತೆ ಎರಡನ್ನೂ ತಡೆಯುವ ತರಕಾರಿ ಇದರಷ್ಟು ಬೇರೆ ಇಲ್ಲ. ಬೀಜ ನೇರವಾಗಿ ಊರಬೇಕು, ಸಸಿ ಮಾಡಿ ಕಿತ್ತು ನೆಟ್ಟರೆ ಬರುವುದಿಲ್ಲ. ಪುಂಡಿಪಲ್ಯದ ಬೀಜವನ್ನೂ ನಾಲ್ಕು ಚೆಲ್ಲಿರಿ. ತುದಿ ಚಿವುಟಿದಷ್ಟೂ ಒಡೆಯುತ್ತದೆ. ಜೋಳದ ರೊಟ್ಟಿ ಜೊತೆ ತಿಂದರೆ ಬೇಸಿಗೆಯ ಬೇಸರವೇ ಹೋಗುತ್ತದೆ.

ಆದರೆ ಬೆಳೆ ಯಾವುದೇ ಹಾಕಿ, ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ. ನಾಲ್ಕೂ ಕಡೆ ಬ್ಲಾಕ್ ಕಾಯುತ್ತದೆ, ಒಳಗಿನ ಬೇರು ಬೇಯುತ್ತದೆ. ಮೊದಲ ವರ್ಷ ನಾನು ದಿನಕ್ಕೆ ಎರಡು ಸಲ ಮೇಲೆ ಮೇಲೆ ನೀರು ಚಿಮುಕಿಸುತ್ತಿದ್ದೆ. ಮೇಲೆ ಹಸಿ, ಒಂದು ಗೇಣು ಕೆಳಗೆ ಬರೀ ಧೂಳು! ಮಣ್ಣಿಗೆ ಬೆರಳು ತೂರಿಸಿ ನೋಡಿದಾಗಲೇ ಗೊತ್ತಾಗಿದ್ದು. ಈಗ ಬೆಳಗ್ಗೆ ಆರಕ್ಕೆ ಒಂದೇ ಸಲ, ನಿಧಾನಕ್ಕೆ, ತಳದವರೆಗೆ ಇಳಿಯುವಂತೆ ಬಿಡುತ್ತೇನೆ. ಮೇಲೆ ಮೂರು ಬೆರಳು ದಪ್ಪ ಒಣ ಎಲೆ ಅಥವಾ ಕಬ್ಬಿನ ರವದಿ ಹೊದಿಸುತ್ತೇನೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ. ದಕ್ಷಿಣ, ಪಶ್ಚಿಮದ ಬ್ಲಾಕಿಗೆ ಗೋಣಿಚೀಲ ಇಳಿಬಿಟ್ಟರೆ ಇನ್ನೂ ಒಳ್ಳೆಯದು.

ಕುಂದಾಪುರದಿಂದ

ಬಸಳೆ ಯಾರೂ ಹೇಳಲೇ ಇಲ್ಲವಲ್ಲ! ಪೆನ್ಸಿಲ್ ದಪ್ಪದ ಬಳ್ಳಿಯನ್ನು ಒಂದು ಗೇಣು ಕತ್ತರಿಸಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ. ನೀರು ತಪ್ಪಿಸದಿದ್ದರೆ ಎಂಥ ಬಿಸಿಲಿಗೂ ಬರುತ್ತದೆ. ಮಡಿಯ ಪಶ್ಚಿಮದ ಅಂಚಲ್ಲಿ ಚಪ್ಪರ ಹಾಕಿ ಹಬ್ಬಿಸಿ. ಮಧ್ಯಾಹ್ನದ ಮೇಲೆ ಉಳಿದ ಗಿಡಕ್ಕೆ ಅದೇ ನೆರಳು, ದುಡ್ಡು ಕೊಟ್ಟು ಗ್ರೀನ್ ನೆಟ್ ತರುವುದು ಬೇಡ.

ಅದೇ ಚಪ್ಪರಕ್ಕೆ ಹೀರೆ ಬಿಟ್ಟರೂ ಆಯಿತು. ಹೂ ಬಿಟ್ಟು ಕಾಯಿ ನಿಲ್ಲದಿದ್ದರೆ ಗಾಬರಿ ಬೇಡ, ಮೊದಲು ಬರುವುದೆಲ್ಲ ಗಂಡು ಹೂವೇ. ಹೀರೆ ಹೂ ಅರಳುವುದು ಸಂಜೆಗೆ, ಬೆಳಗ್ಗೆ ಹೋಗಿ ಪರಾಗ ಮುಟ್ಟಿಸಿದರೆ ಪ್ರಯೋಜನ ಕಡಿಮೆ. ನಾನು ದೇವರಿಗೆ ದೀಪ ಇಟ್ಟು ಬಂದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಒರೆಸುತ್ತೇನೆ. ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದಲ್ಲ, ಅದೇ ಹೆಣ್ಣು.

ಬೆಂಗಳೂರಿನಿಂದ

ಕೊತ್ತಂಬರಿಯ ಬಗ್ಗೆ ನಾನು ಹೇಳುತ್ತೇನೆ, ಅದರ ಹಿಂದೆ ಮೂರು ಬೇಸಿಗೆ ಬಿದ್ದಿದ್ದೇನೆ. ಪೂರ್ತಿ ಬಿಸಿಲಿನ ಮಡಿಯಲ್ಲಿ ಏಪ್ರಿಲ್‌ನಲ್ಲಿ ಅದು ನಿಲ್ಲುವುದಿಲ್ಲ. ಅರ್ಧ ನೆರಳಿನ ಟಬ್ಬಲ್ಲಿ ಹಾಕಿ. ಧನಿಯಾವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಒತ್ತೊತ್ತಾಗಿ ಬಿತ್ತಿ. ಮೊಳಕೆಗೆ ಹತ್ತು ದಿನ ಹಿಡಿದರೂ ಕೆದಕಬೇಡಿ. ದೊಡ್ಡದಾಗಲಿ ಅಂತ ಕಾಯದೆ ನಾಲ್ಕು ವಾರಕ್ಕೆ ಎಳೆಯದನ್ನೇ ಕತ್ತರಿಸಿ ಬಳಸಿ.

ಪುದೀನ ಮಡಿಗೆ ಬೇಡವೇ ಬೇಡ! ಮಣ್ಣೊಳಗೇ ಹಬ್ಬಿ ಇಡೀ ಮಡಿ ತನ್ನದು ಮಾಡಿಕೊಳ್ಳುತ್ತದೆ. ಅಗಲ ಬಾಯಿಯ ಕುಂಡ ಸಾಕು. ಮಾರುಕಟ್ಟೆಯ ಕಟ್ಟಿನಿಂದಲೇ ನಾಲ್ಕು ದಪ್ಪ ಕಡ್ಡಿ ಆರಿಸಿ ನೀರಲ್ಲಿಟ್ಟರೆ ವಾರದೊಳಗೆ ಬೇರು ಬರುತ್ತದೆ. ಮಡಿಯ ಬಿಸಿ ಅಂಚಿಗೆ ದೊಡ್ಡಪತ್ರೆ, ತುಳಸಿ, ಮಜ್ಜಿಗೆ ಹುಲ್ಲು ಹಾಕಿ. ದೊಡ್ಡಪತ್ರೆಗೆ ನೀರು ಕಡಿಮೆ ಸಾಕು, ತಂಬುಳಿಗೆ ಬೇಸಿಗೆಯಲ್ಲೇ ಅಲ್ವಾ ಅದು ಬೇಕಾಗುವುದು.

ತುಮಕೂರಿನಿಂದ

ಎಲ್ಲರಿಗೂ ಕೈಮುಗಿದು ಧನ್ಯವಾದ. ಅತ್ತೆಗೆ ಇಷ್ಟೂ ಓದಿ ಹೇಳಿದೆ, ಬಸಳೆ ಬಳ್ಳಿಗೆ ಪಕ್ಕದ ಮನೆಗೆ ಆಗಲೇ ಹೋಗಿದ್ದಾರೆ. ಒಂದು ಮಡಿಗೆ ಬೆಂಡೆ. ಎರಡನೆಯದರಲ್ಲಿ ಅರ್ಧ ಗೋರಿಕಾಯಿ, ಅರ್ಧ ದಂಟು, ಅಂಚಿಗೆ ಪುಂಡಿ. ಮೂರನೆಯದರ ಪಶ್ಚಿಮಕ್ಕೆ ಬಸಳೆ, ಹೀರೆಯ ಚಪ್ಪರ, ಅದರ ನೆರಳಿಗೆ ಕೊತ್ತಂಬರಿಯ ಟಬ್. ಅವರೆ ಆಗಸ್ಟ್‌ಗೆ. ಒಂದೇ ಅನುಮಾನ: ಭರಣಿ ಮಳೆ ಜೋರಾಗಿ ಬಂದರೆ ಎಳೆ ಸಸಿಗಳ ಗತಿ?

ಮೈಸೂರಿನಿಂದ

ಭರಣಿ ಬರುವುದು ಏಪ್ರಿಲ್ ಕೊನೆಗೆ. ಈ ವಾರವೇ ಬೆಂಡೆ ಊರಿದರೆ ಅಷ್ಟರಲ್ಲಿ ನಾಲ್ಕೈದು ಎಲೆ ಆಗಿರುತ್ತದೆ. ಏರುಮಡಿಯಲ್ಲಿ ನೀರು ನಿಲ್ಲುವುದಿಲ್ಲ, ಕೆಳಗಿನ ಸಾಲು ಬ್ಲಾಕ್‌ಗಳ ನಡುವೆ ಸಂದು ತೆರೆದಿದೆಯಾ ಅಂತ ಮಾತ್ರ ನೋಡಿ. ಭಯ ಇರುವುದು ಗಾಳಿ, ಆಲಿಕಲ್ಲಿನದು. ಮೋಡ ಕಟ್ಟಿದ ಸಂಜೆ ನಾಲ್ಕು ಕೋಲು ನೆಟ್ಟು ಹಳೆ ಸೊಳ್ಳೆಪರದೆ ಬಿಗಿದು ಕಟ್ಟಿಬಿಡಿ. ಚಪ್ಪರದ ಗೂಟ ಮಾತ್ರ ಎರಡು ಅಡಿ ಆಳಕ್ಕೆ ಹೋಗಲಿ, ಮಡಿಯ ಸಡಿಲ ಮಣ್ಣಲ್ಲಲ್ಲ, ಹೊರಗಿನ ಗಟ್ಟಿ ನೆಲದಲ್ಲಿ.